ಗಿಡ ಕಲಿಸುವ ರಸಾಯನಶಾಸ್ತ್ರ

ಮರವು ಬೆಳೆದು ದೊಡ್ಡದಾಗುವುದನ್ನು ಕಾಣದವರಿಲ್ಲ. ಆದರೆ ಅದರ ಕಾಂಡ, ಕೊಂಬೆ, ಬೇರುಗಳ ಅಷ್ಟೂ ಭಾರವು ಎಲ್ಲಿಂದ ಬಂದಿತೆಂದು ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಕೇಳಿ ನೋಡಿದರೆ, 'ಮಣ್ಣಿನಿಂದ' ಎಂಬ ಉತ್ತರವು ಥಟ್ಟನೆ ಬರುವುದುಂಟು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ತಪ್ಪಿಲ್ಲದೆ ಬರೆಯಬಲ್ಲ ಬಾಲಕನೇ ಈ ಉತ್ತರವನ್ನು ಕೊಡುತ್ತಾನೆಂಬುದು ವಿಚಾರಾರ್ಹವಾದ ಸಂಗತಿ. ಅವನ ಮನಸ್ಸಿನಲ್ಲಿ ಸಮೀಕರಣವು ಒಂದು ಕಡೆ ಇದೆ, ಮರವು ಇನ್ನೊಂದು ಕಡೆ ಇದೆ, ಎರಡಕ್ಕೂ ಪರಿಚಯವಾಗಿಲ್ಲ. ಈ ಪರಿಚಯವನ್ನು ಮಾಡಿಸಲು ತರಗತಿಯ ಕಿಟಕಿಯೂ ಹತ್ತಾರು ಗಾಜಿನ ಸೀಸೆಗಳೂ ಸಾಕೆಂಬುದು ನಮ್ಮ ಅಭಿಪ್ರಾಯ.

ಮಣ್ಣಿನ ಪ್ರಶ್ನೆಯನ್ನು ತಕ್ಕಡಿಗೆ ಹಾಕಿ ನೋಡಿದವನು ಬ್ರಸೆಲ್ಸಿನ ವೈದ್ಯನಾದ ವಾನ್ ಹೆಲ್ಮಾಂಟ್. ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು, 5 ವರ್ಷಗಳ ಕಾಲ ಮಳೆಯ ನೀರನ್ನೋ ಬಟ್ಟಿಯಿಳಿಸಿದ ನೀರನ್ನೋ ಮಾತ್ರ ಎರೆದನು. ಕೊನೆಗೆ ಗಿಡವು ಸುಮಾರು 169 ಪೌಂಡು ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಲಾಗಿ, ಕಡಮೆಯಾಗಿದ್ದುದು ಸುಮಾರು 2 ಔನ್ಸು. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಆತನು ತೀರ್ಮಾನಿಸಿದನು. ಆತನು ತೀರಿಕೊಂಡ ನಂತರ, 1648ರಲ್ಲಿ, ಮಗನು ಈ ವಿವರಗಳನ್ನು ಪ್ರಕಟಿಸಿದನು. ಇದರಲ್ಲಿನ ಸ್ವಾರಸ್ಯವೆಂದರೆ, 'ಗ್ಯಾಸ್' ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವನೇ ಈ ಹೆಲ್ಮಾಂಟ್. ಇದ್ದಲು ಸುಟ್ಟಾಗ ಹೊರಡುವ ಅನಿಲವನ್ನು ಆತನು ಬಲ್ಲವನಾಗಿದ್ದನು. ಅದೇ ಅನಿಲವು ಎಲೆಯೊಳಗೆ ಹೊಕ್ಕು ಮರವಾಗುತ್ತದೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ. ಪಾಠವನ್ನು ಸರಿಯುತ್ತರದಿಂದಲ್ಲದೆ ಈ ತಪ್ಪು ತೀರ್ಮಾನದಿಂದಲೇ ಆರಂಭಿಸುವುದು ಮೇಲು. ತೂಕವು ಸರಿಯಿದ್ದೂ ತೀರ್ಮಾನವು ಹೇಗೆ ತಪ್ಪಿತೆಂದು ಮಕ್ಕಳೇ ವಾದಿಸಲಿ.

ಹೆಲ್ಮಾಂಟನು ಲಕ್ಷ್ಯಕ್ಕೆ ತೆಗೆದುಕೊಳ್ಳದ ಆ 2 ಔನ್ಸಿನಲ್ಲಿಯೇ ನಮ್ಮ ರಸಾಯನಪಾಠವು ಅಡಗಿದೆ. ಒಣಗಿಸಿದ ಸಸ್ಯದಲ್ಲಿ ಇಂಗಾಲ ಶೇಕಡ 45ರಷ್ಟು, ಆಮ್ಲಜನಕವೂ ಹೆಚ್ಚುಕಡಮೆ ಅಷ್ಟೇ, ಜಲಜನಕ ಶೇಕಡ 6ರಷ್ಟು. ಇವು ಗಾಳಿ ಮತ್ತು ನೀರುಗಳಿಂದ ಬಂದವು. ಸಾರಜನಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕ, ಗಂಧಕ ಇವೆಲ್ಲವೂ ಉಳಿದ ಅಲ್ಪ ಭಾಗವನ್ನು ಹಂಚಿಕೊಳ್ಳುತ್ತವೆ. ಕಬ್ಬಿಣದ ಪಾಲಂತೂ ಹತ್ತು ಸಾವಿರದಲ್ಲಿ ಒಂದು. 1860ರ ಸುಮಾರಿಗೆ ಜರ್ಮನಿಯಲ್ಲಿ ಸ್ಯಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು ಮಣ್ಣನ್ನೇ ತೊರೆದು, ಕೆಲವು ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿ ತೋರಿಸಿದರು. ಕ್ನಾಪನ ದ್ರಾವಣವು ಇಂದಿಗೂ ಶಾಲೆಗೆ ಯೋಗ್ಯವಾದುದು: ಒಂದು ಲೀಟರು ನೀರಿಗೆ ಕ್ಯಾಲ್ಸಿಯಂ ನೈಟ್ರೇಟು 1 ಗ್ರಾಂ, ಪೊಟ್ಯಾಸಿಯಂ ನೈಟ್ರೇಟು, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟು, ಮೆಗ್ನೀಸಿಯಂ ಸಲ್ಫೇಟು ಇವು ತಲಾ ಕಾಲು ಗ್ರಾಂ, ಕಬ್ಬಿಣದ ಲವಣ ಒಂದು ಚಿಟಿಕೆಗಿಂತಲೂ ಕಡಮೆ.

ಈ ಲವಣಗಳಿಗಾಗಿ ಪ್ರಯೋಗಶಾಲೆಯ ಬೀರುವನ್ನು ಹುಡುಕಬೇಕಾಗಿಲ್ಲ. ಹನಿ ನೀರಾವರಿಯ ರೈತರಿಗಾಗಿ ಗೊಬ್ಬರದ ಅಂಗಡಿಗಳಲ್ಲಿ ಇವನ್ನೇ ಮಾರುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರ ಮಕ್ಕಳು 0:52:34 ಎಂಬ ಚೀಲವನ್ನು ಮನೆಯಲ್ಲಿಯೇ ಕಂಡಿರಬಹುದು. ಅದರಲ್ಲಿರುವುದು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟು. ಈಗ ಪರಮಾಣು ತೂಕಗಳನ್ನು ಕೂಡಿಸಿ ನೋಡೋಣ: ಪೊಟ್ಯಾಸಿಯಂ 39, ಜಲಜನಕ 2, ರಂಜಕ 31, ಆಮ್ಲಜನಕ 64, ಒಟ್ಟು 136. ಇದರಲ್ಲಿ ರಂಜಕವು ಶೇಕಡ 23ನ್ನು ಮುಟ್ಟುವುದಿಲ್ಲ. ಹಾಗಾದರೆ ಚೀಲದ ಮೇಲೆ 52 ಎಂದೇಕೆ ಅಚ್ಚಾಗಿದೆ? ವ್ಯಾಪಾರಿಯು ಮೋಸ ಮಾಡಿದನೆ? ಮೋಸವೇನೂ ಇಲ್ಲ. ಗೊಬ್ಬರದ ವ್ಯವಹಾರದಲ್ಲಿ ರಂಜಕವನ್ನು ಅದರ ಪೆಂಟಾಕ್ಸೈಡಿನ ರೂಪದಲ್ಲಿಯೂ ಪೊಟ್ಯಾಸಿಯಮನ್ನು ಅದರ ಆಕ್ಸೈಡಿನ ರೂಪದಲ್ಲಿಯೂ ಎಣಿಸುವ ಹಳೆಯ ರೂಢಿಯಿದೆ. ಎರಡು ಅಣು ಲವಣ, ಅಂದರೆ 272 ಭಾಗದಿಂದ, 142 ಭಾಗ ಪೆಂಟಾಕ್ಸೈಡು ದೊರೆಯಬೇಕು. ಭಾಗಿಸಿದರೆ ಶೇಕಡ 52 ಸರಿಯಾಗಿ ಬರುತ್ತದೆ. ಅಣು ತೂಕದ ಲೆಕ್ಕವು ಹೀಗೆ ತಂದೆಯ ಹಣದ ಲೆಕ್ಕವೂ ಆದಾಗ ಮಕ್ಕಳು ಅದನ್ನು ಮರೆಯಲಾರರು.

ಆದರೆ ಎಲ್ಲ ಲವಣಗಳನ್ನೂ ಹಾಕಿ ಗಿಡವನ್ನು ಬೆಳೆಸುವುದು ಪ್ರಯೋಗದ ಅರ್ಧಭಾಗ ಮಾತ್ರ. ನಿಜವಾದ ರಸಾಯನಶಾಸ್ತ್ರವು ಆರಂಭವಾಗುವುದು ಒಂದು ಧಾತುವನ್ನು ಬಿಡಬೇಕಾದಾಗ. 'ಈ ಸೀಸೆಯಲ್ಲಿ ಸಾರಜನಕವಿರಕೂಡದು' ಎಂದು ಉಪಾಧ್ಯಾಯರು ಹೇಳಿದರೆ ವಿದ್ಯಾರ್ಥಿಯು ಏನು ಮಾಡಬೇಕು? ನೈಟ್ರೇಟುಗಳನ್ನು ಸುಮ್ಮನೆ ಬಿಟ್ಟರೆ ಕ್ಯಾಲ್ಸಿಯಮೂ ಪೊಟ್ಯಾಸಿಯಮಿನ ಬಹುಭಾಗವೂ ಕೂಡಿಯೇ ಹೋಗುತ್ತವೆ. ಆಗ ಗಿಡವು ಸೊರಗಿದುದು ಯಾವುದರ ಕೊರತೆಯಿಂದೆಂದು ಹೇಳಲಾಗದು. ಆದುದರಿಂದ ಕ್ಯಾಲ್ಸಿಯಂ ನೈಟ್ರೇಟಿನ ಬದಲು ಕ್ಯಾಲ್ಸಿಯಂ ಕ್ಲೋರೈಡನ್ನೂ ಪೊಟ್ಯಾಸಿಯಂ ನೈಟ್ರೇಟಿನ ಬದಲು ಪೊಟ್ಯಾಸಿಯಂ ಕ್ಲೋರೈಡನ್ನೂ ಸೇರಿಸಬೇಕು. ಎಷ್ಟು? ಕ್ಯಾಲ್ಸಿಯಮಿನ ಪ್ರಮಾಣವು ಬದಲಾಗದಷ್ಟು. ಹರಳಿನಲ್ಲಿರುವ ನೀರನ್ನು ಬಿಟ್ಟು ಲೆಕ್ಕ ಹಾಕಿದರೆ ನೈಟ್ರೇಟಿನ ಅಣು ತೂಕ 164, ಕ್ಲೋರೈಡಿನದು 111. ಒಂದು ಗ್ರಾಮಿಗೆ ಬದಲು 0.68 ಗ್ರಾಂ. ಮೆಗ್ನೀಸಿಯಮನ್ನು ಬಿಡಬೇಕಾದರೆ ಗಂಧಕವನ್ನು ಉಳಿಸಿಕೊಳ್ಳಲು ಪೊಟ್ಯಾಸಿಯಂ ಸಲ್ಫೇಟು ಬೇಕು. ಲವಣವೆಂದರೆ ಎರಡು ಭಾಗಗಳ ಜೋಡಿ, ಒಂದನ್ನು ಬಿಟ್ಟು ಒಂದನ್ನು ಕೊಳ್ಳಲಾಗದು ಎಂಬ ಸಂಗತಿಯು ಇಲ್ಲಿ ಮನಸ್ಸಿಗೆ ಹತ್ತುವಂತೆ ಸೂತ್ರಗಳನ್ನು ಉರುಹೊಡೆಯುವುದರಿಂದ ಎಂದಿಗೂ ಹತ್ತದು.

ಗಟ್ಟಿ ದ್ರಾವಣಗಳನ್ನು ಬೆರೆಸುವಾಗ ಇನ್ನೊಂದು ಪಾಠವು ತಾನಾಗಿ ಒದಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣಕ್ಕೆ ಸಲ್ಫೇಟನ್ನೋ ಫಾಸ್ಫೇಟನ್ನೋ ಸುರಿದರೆ ಬಿಳಿಯ ಗಸಿ ತಳಕ್ಕಿಳಿಯುತ್ತದೆ. ಇವೆರಡನ್ನೂ ಒಂದೇ ತೊಟ್ಟಿಗೆ ಹಾಕಬಾರದೆಂದು ರೈತರು ಬಲ್ಲರು. ಏಕೆ ಹಾಕಬಾರದೆಂಬುದು ತರಗತಿಯಲ್ಲಿ ತಿಳಿಯಲಿ.

ಬೆಳೆಸಲು ಮುಸುಕಿನ ಜೋಳವು ಒಳ್ಳೆಯದು. ಅವರೆ, ಹೆಸರು ಮೊದಲಾದ ದ್ವಿದಳಗಳು ಸಾರಜನಕದ ಪ್ರಯೋಗಕ್ಕೆ ಒಗ್ಗವು. ಅವುಗಳ ಬೇರಿನ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದುಕೊಟ್ಟು ಲೆಕ್ಕವನ್ನು ಕೆಡಿಸಬಹುದು. ಸಸಿಯು ಗೇಣುದ್ದವಾದ ಮೇಲೆ ಕಾಳಿನ ಉಳಿಕೆಯನ್ನು ಚಿವುಟಿ ತೆಗೆಯಬೇಕು. ಇಲ್ಲವಾದರೆ ತಾಯಿಗಿಡವು ಕಟ್ಟಿಕೊಟ್ಟ ಬುತ್ತಿಯು ಬಹುದಿನ ನಡೆಯುತ್ತದೆ. ನೀರು ಮಳೆಯದಾಗಲಿ, ಬಟ್ಟಿಯಿಳಿಸಿದ್ದಾಗಲಿ ಇರಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕ್ಯಾಲ್ಸಿಯಮೂ ಮೆಗ್ನೀಸಿಯಮೂ ಮೊದಲೇ ಇರುತ್ತವೆ. ಪಾಚಿ ಕಟ್ಟದಂತೆ ಸೀಸೆಗೆ ಕಪ್ಪು ಕಾಗದವನ್ನು ಸುತ್ತಬೇಕು. ದಿನಕ್ಕೊಮ್ಮೆಯಾದರೂ ನೀರಿಗೆ ಗಾಳಿಯನ್ನು ಊದಿಸಬೇಕು. ಒಂದೊಂದು ಬಗೆಗೆ ಒಂದೇ ಸೀಸೆಯನ್ನಿಟ್ಟರೆ ಸಾಲದು, ನಾಲ್ಕಾದರೂ ಬೇಕು. ಒಂದೇ ಅಳತೆಯನ್ನು ನಂಬಬಾರದೆಂಬುದು ಭೌತಶಾಸ್ತ್ರದವರಾದ ನಮ್ಮ ಹಳೆಯ ಹಟ.

ಮೂರು ನಾಲ್ಕು ವಾರಗಳಲ್ಲಿ ಎಲೆಗಳು ಮಾತನಾಡತೊಡಗುತ್ತವೆ. ಸಾರಜನಕವಿಲ್ಲದ ಗಿಡದಲ್ಲಿ ಕೆಳಗಿನ ಹಳೆಯ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತವೆ. ಇದ್ದ ಸಾರಜನಕವನ್ನು ಗಿಡವು ಮುದಿ ಎಲೆಯಿಂದ ಕಿತ್ತು ಎಳೆಯದಕ್ಕೆ ಸಾಗಿಸುತ್ತದೆ. ಮೆಗ್ನೀಸಿಯಂ ಇಲ್ಲದಿದ್ದರೆ ನರಗಳ ನಡುವೆ ಹಳದಿ ಪಟ್ಟೆಗಳು ಮೂಡುತ್ತವೆ, ಕಬ್ಬಿಣವಿಲ್ಲದಿದ್ದರೂ ಪಟ್ಟೆಗಳೇ. ಆದರೆ ಮೊದಲನೆಯವು ಕೆಳಗಿನ ಎಲೆಗಳಲ್ಲಿ, ಎರಡನೆಯವು ಸುಳಿಯ ಎಲೆಗಳಲ್ಲಿ. ಮೆಗ್ನೀಸಿಯಂ ಗಿಡದೊಳಗೆ ಸಂಚರಿಸಬಲ್ಲದು, ಕಬ್ಬಿಣವು ಹೋಗಿ ಕುಳಿತಲ್ಲಿಂದ ಸುಲಭವಾಗಿ ಕದಲದು. ಪತ್ರಹರಿತ್ತಿನ ಅಣುವಿನ ನಡುವೆ ಕುಳಿತಿರುವುದು ಮೆಗ್ನೀಸಿಯಂ. ಕಬ್ಬಿಣವು ಆ ಅಣುವಿನಲ್ಲಿ ಇಲ್ಲವೇ ಇಲ್ಲ, ಅದನ್ನು ಕಟ್ಟುವ ಕೆಲಸಕ್ಕೆ ಮಾತ್ರ ಬೇಕು.

ಸ್ಯಾಕ್ಸ್ ಮತ್ತು ಕ್ನಾಪರ ಕಾಲದಲ್ಲಿ ಸಸ್ಯಕ್ಕೆ ಹತ್ತು ಧಾತುಗಳು ಸಾಕೆಂದು ತೋರಿತ್ತು. ಅವರ ಲವಣಗಳು ಇಂದಿನಷ್ಟು ಶುದ್ಧವಾಗಿರಲಿಲ್ಲ. ಸತು, ತಾಮ್ರ, ಬೋರಾನುಗಳು ಕಲ್ಮಷವಾಗಿಯೇ ಒಳಹೊಕ್ಕು ಗಿಡವನ್ನು ಸಾಕಿದ್ದವು. ಈ ಪಟ್ಟಿಗೆ ನಿಕ್ಕಲ್ ಸೇರಿದುದು 1980ರ ದಶಕದಲ್ಲಿ.

ಇಷ್ಟಕ್ಕೆಲ್ಲ ವೇಳೆಯೆಲ್ಲಿ, ಪಾಠಗಳು ಮುಗಿಯಬೇಡವೆ ಎಂದು ಉಪಾಧ್ಯಾಯರು ಕೇಳಬಹುದು. ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಗಿಡವು ಬೆಳೆಯುವುದು ಪಾಠದ ಅವಧಿಯ ಹೊರಗೆ. ದಿನಕ್ಕೆ ಐದು ನಿಮಿಷ ಅಳೆದು ಬರೆದಿಟ್ಟರೆ ಸಾಕು. ಪ್ರನಾಳದಲ್ಲಿ ಬಣ್ಣವು ಕ್ಷಣದಲ್ಲಿ ಬದಲಾಗುತ್ತದೆ, ಆ ಬಣ್ಣ ಯಾವುದೆಂದು ಪುಸ್ತಕವು ಮೊದಲೇ ಹೇಳಿರುತ್ತದೆ. ನಾಲ್ಕು ವಾರದ ಸೀಸೆಯ ಮುಂದಾದರೋ ಉಪಾಧ್ಯಾಯರೂ ವಿದ್ಯಾರ್ಥಿಗಳೊಡನೆ ಕಾಯಬೇಕಾಗುತ್ತದೆ. ಇದನ್ನು ನಾವು ದೊಡ್ಡ ಲಾಭವೆಂದೇ ಎಣಿಸುತ್ತೇವೆ.

ಕಬ್ಬಿಣವಿಲ್ಲದ ಗಿಡವನ್ನು ಕೊನೆಯಲ್ಲಿ ಎಸೆಯಬಾರದು. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಎಂಬಾತನು ಕಬ್ಬಿಣದ ಲವಣಗಳಿಂದ ಬಿಳಿಚಿದ ಎಲೆಗಳಿಗೆ ಹಸಿರು ಮರಳುವುದನ್ನು ತೋರಿಸಿದ್ದನು. ಲೀಟರು ನೀರಿಗೆ 1 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಚಿತ್ರ ಬರೆಯುವ ಕುಂಚದಿಂದ ಹಳದಿ ಎಲೆಯ ಒಂದು ಪಕ್ಕಕ್ಕೆ ಮಾತ್ರ ಸವರಿ, ಇನ್ನೊಂದು ಪಕ್ಕವನ್ನು ಹಾಗೆಯೇ ಬಿಡಬೇಕು. ಕೆಲವು ದಿನಗಳಲ್ಲಿ ಕುಂಚವು ಮುಟ್ಟಿದ ಕಡೆಯಲ್ಲಿ ಹಸಿರು ಮೂಡುತ್ತದೆ. ಮುಟ್ಟದ ಕಡೆ ಹಳದಿಯಾಗಿಯೇ ಉಳಿಯುತ್ತದೆ.