ನೆಲದೊಳಗಣ ಬೆಂಕಿ ಮತ್ತು ಅದರ ಕಾವಲು

ಗಣಿಯೆಂದೊಡನೆ ನಮಗೆ ಕೋಲಾರದ ಚಿನ್ನದ ಗಣಿಗಳು ನೆನಪಾಗುತ್ತವೆ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಒಂದು, ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಕಾವನ್ನೂ ಸಿಡಿತವನ್ನೂ ಸಹಿಸಿ ಕೆಲಸಗಾರನು ಅದಿರನ್ನು ಮೇಲಕ್ಕೆ ತರಬೇಕಾಗಿತ್ತು. ಮನುಷ್ಯನನ್ನು ಕೆಳಗಿಳಿಸದೆ, ಬಂಡೆಯನ್ನು ಅಗೆದು ತೆಗೆಯದೆ, ಬೇಕಾದುದನ್ನು ಮಾತ್ರ ಮೇಲಕ್ಕೆ ತರಲಾಗದೆ ಎಂದು ತಾವು ಕೇಳಬಹುದು. ಕೆಲವು ಕಡೆ ಅದು ಸಾಧ್ಯವಾಗಿದೆ. ಅಲ್ಲಿ ದುಡಿಯುವ ಆಳುಗಳು ಇಬ್ಬರು: ಒಂದು ಬೆಂಕಿ, ಇನ್ನೊಂದು ಬ್ಯಾಕ್ಟೀರಿಯ.

ಮೊದಲು ಬೆಂಕಿಯನ್ನು ನೋಡೋಣ. ಗುಜರಾತಿನ ಮೆಹಸಾಣಾ ಪ್ರಾಂತದ ಬಲೋಲ್ ಎಂಬಲ್ಲಿ ನೆಲದಡಿಯ ತೈಲವು ಬಹಳ ಮಂದ. ತಾನಾಗಿ ಹರಿದು ಬಾವಿಗೆ ಬರುವುದು ಕಷ್ಟ. ಮಾಗಿಯ ಬೆಳಗಿನಲ್ಲಿ ಹೆಪ್ಪುಗಟ್ಟಿದ ಕೊಬ್ಬರಿಯೆಣ್ಣೆಯ ಸೀಸೆಯನ್ನು ತಾವು ಬಿಸಿಲಿಗಿಡುವುದಿಲ್ಲವೆ? ಅದೇ ಉಪಾಯ ಇಲ್ಲಿಯೂ. 1990ರಲ್ಲಿ ಅಲ್ಲಿ ಆರಂಭವಾದ ಪ್ರಯೋಗದಲ್ಲಿ, ಒಂದು ಬಾವಿಯ ಮೂಲಕ ಗಾಳಿಯನ್ನು ತುಂಬಿ, ತೈಲದ ಒಂದು ಅಂಶಕ್ಕೆ ನೆಲದೊಳಗೇ ಬೆಂಕಿ ಹೊತ್ತಿಸಿದರು. ಅದರ ಕಾವಿಗೆ ಉಳಿದ ತೈಲವು ತೆಳುವಾಗಿ, ಉಗಿ ಮತ್ತು ಅನಿಲಗಳ ಒತ್ತಡದಿಂದ ನೆರೆಯ ಬಾವಿಗಳ ಕಡೆಗೆ ಸರಿಯುತ್ತದೆ.

ಆದರೆ ಕಣ್ಣಿಗೆ ಕಾಣದ ಬೆಂಕಿಯನ್ನು ಕಾಯುವುದು ಹೇಗೆ? ಹೊರಬರುವ ಅನಿಲವೇ ಅದರ ನಾಡಿ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದು ಆಮ್ಲಜನಕ ತೀರ ಕಡಮೆಯಿದ್ದರೆ ಬೆಂಕಿ ಚೆನ್ನಾಗಿ ಉರಿಯುತ್ತಿದೆಯೆಂದರ್ಥ. ಆಮ್ಲಜನಕ ಏರತೊಡಗಿದರೆ ಗಾಳಿಯು ಉರಿಯದೆ ನುಸುಳಿ ಬರುತ್ತಿದೆ. ಬಾವಿ ಸ್ಫೋಟಿಸುವ ಭಯವುಂಟು.

ಇನ್ನು ಬ್ಯಾಕ್ಟೀರಿಯ. 1947ರಲ್ಲಿ ಅಮೆರಿಕದ ಕಲ್ಲಿದ್ದಲ ಗಣಿಗಳ ಹುಳಿನೀರಿನಲ್ಲಿ ಕೋಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ಕಬ್ಬಿಣವನ್ನು ಉತ್ಕರ್ಷಿಸುವ ಜೀವಿಯೊಂದರ ಕೆಲಸವನ್ನು ಗುರುತಿಸಿದರು. ಇದು ಮಾರ್ಪಡಿಸಿದ ಕಬ್ಬಿಣವು ಅದಿರಿನ ತಾಮ್ರವನ್ನೂ ಯುರೇನಿಯಮ್ಮನ್ನೂ ಹುಳಿನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕೆನಡದ ಎಲಿಯಟ್ ಲೇಕಿನಲ್ಲಿ 1960ರ ದಶಕದಲ್ಲಿ ಗಣಿಯ ಗೋಡೆಗಳನ್ನು ನೀರಿನಿಂದ ತೊಳೆದು, ಹೀಗೆ ಕರಗಿದ ಯುರೇನಿಯಮ್ಮನ್ನು ಸಂಗ್ರಹಿಸಿದರು. ಈ ಆಳಿಗೂ ಕಾವಲು ಬೇಕು. ನೀರಿನ ಹುಳಿ, ಕಾವು, ಕಬ್ಬಿಣದ ಸ್ಥಿತಿ ಇವನ್ನು ಅಳೆಯಬೇಕು. ಸೂಕ್ಷ್ಮದರ್ಶಕದಲ್ಲಿ ಜೀವಿಗಳನ್ನು ಎಣಿಸಬೇಕು. ಆಮ್ಲಜನಕ ಸಾಲದಾದರೆ ಅವುಗಳ ಕೆಲಸವೇ ನಿಂತುಹೋಗುತ್ತದೆ.

ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಚಿಂಚಿಲ್ಲ ಸಾಕ್ಷಿ. ಅಲ್ಲಿ ಕಲ್ಲಿದ್ದಲನ್ನು ನೆಲದೊಳಗೇ ಉರಿಸಿ ಅನಿಲವಾಗಿಸುವ ಪ್ರಯೋಗ 1999ರಲ್ಲಿ ಮೊದಲಾಯಿತು. ತುಂಬಿದ ಗಾಳಿಯ ಒತ್ತಡ ಮಿತಿ ಮೀರಿ ಬಂಡೆ ಬಿರಿದು, ವಿಷಾನಿಲ ಹೊರಗೆ ಹರಡಿತು. 2016ರಲ್ಲಿ ಆ ರಾಜ್ಯವು ಇಂತಹ ಕೆಲಸವನ್ನೇ ನಿಷೇಧಿಸಿತು. 2018ರಲ್ಲಿ ನ್ಯಾಯಾಲಯವು ಸಂಸ್ಥೆಗೆ 45 ಲಕ್ಷ ಡಾಲರ್ ದಂಡ ವಿಧಿಸಿತು.

ಆದುದರಿಂದ ಇಂತಹ ಯೋಜನೆಯ ಸುದ್ದಿ ಕೇಳಿದಾಗ, ಎಷ್ಟು ಸಂಪತ್ತು ದೊರೆಯುವುದೆಂಬುದರ ಜೊತೆಗೆ, ಸುತ್ತಲೂ ಎಷ್ಟು ಪರೀಕ್ಷಾಬಾವಿಗಳಿವೆ, ಅವುಗಳ ನೀರನ್ನು ಯಾರು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ ಎಂಬುದನ್ನೂ ತಾವು ಕೇಳಬೇಕು. ನೆಲದೊಳಗೆ ಹೊತ್ತಿಸಿದುದು ಕಾಣದಿದ್ದರೂ, ಅಲ್ಲಿಯ ನೀರನ್ನು ಕುಡಿಯುವ ಜನ ಮೇಲೆ ಇದ್ದೇ ಇರುತ್ತಾರೆ.