ಸಂಸ್ಥಾಪಕರ ಸ್ಮರಣೆಯೂ ವರ್ತಕಧರ್ಮವೂ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸೀಮೆಯು ಒಕ್ಕಲುತನದ ಸೀಮೆ. ಇಲ್ಲಿಯ ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಪೇಟೆಗಳನ್ನು ಸೇರುತ್ತವೆ. ಒಕ್ಕಲು ಮಕ್ಕಳೂ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗುತ್ತಾರೆ. ಹಾವೇರಿಯಲ್ಲಿ ಅವರನ್ನು ಬರಮಾಡಿಕೊಳ್ಳುವ ಗುದ್ಲೆಪ್ಪ ಹಳ್ಳಿಕೇರಿ ಮಹಾವಿದ್ಯಾಲಯವು ಹೊಸರಿತ್ತಿಯ ಸ್ವಾತಂತ್ರ್ಯಯೋಧರೊಬ್ಬರ ಹೆಸರನ್ನು ಹೊತ್ತಿದೆ. ವಾಣಿಜ್ಯಶಾಸ್ತ್ರದ ಹಂಬಲವುಳ್ಳವರು ಹುಬ್ಬಳ್ಳಿಯವರೆಗೂ ಹೋಗುವುದುಂಟು. ಅಲ್ಲಿಯ ಜಗದ್ಗುರು ಗಂಗಾಧರ ವಾಣಿಜ್ಯ ಮಹಾವಿದ್ಯಾಲಯವು 1947ರಲ್ಲಿ ಆರಂಭವಾಯಿತು. ದಾನಿ ಬಿ. ವಿ. ಭೂಮರಡ್ಡಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಅದೇ ನಗರದಲ್ಲಿ ಅದೇ ವರ್ಷ ತಲೆಯೆತ್ತಿತು. ಇವೆಲ್ಲವೂ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೆಂಬ ಒಂದೇ ಬೇರಿನ ಕೊಂಬೆಗಳು.

ಆ ಬೇರನ್ನು ನೆಟ್ಟವರಾರು? 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದ ಏಳು ಜನ ಶಿಕ್ಷಕರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಂಡಿತಪ್ಪ ಚಿಕ್ಕೋಡಿ, ಎಚ್. ಎಫ್. ಕಟ್ಟಿಮನಿ, ಸರದಾರ ವೀರನಗೌಡ ಪಾಟೀಲ ಇವರನ್ನು ಸಮಾಜವು ಸಪ್ತರ್ಷಿಗಳೆಂದು ಕರೆಯಿತು. ಅವರಲ್ಲಿದ್ದ ಬಂಡವಾಳವೆಂದರೆ ವಿದ್ಯೆ. ಅದನ್ನೇ ಅವರು ಹೂಡಿದರು. ಶಿರಸಂಗಿಯ ತ್ಯಾಗವೀರ ಲಿಂಗರಾಜರು ಅವರಿಗೂ ಮೊದಲೇ, 1906ರಲ್ಲಿ ಲಿಂಗೈಕ್ಯರಾಗುವ ಮುನ್ನ, ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜು 1933ರಿಂದ ಆ ಹೆಸರನ್ನು ಉಳಿಸಿಕೊಂಡು ಬಂದಿದೆ.

ಸಂಸ್ಥಾಪಕರ ದಿನಾಚರಣೆಗಳಲ್ಲಿ ಭಾವಚಿತ್ರಕ್ಕೆ ಮಾಲೆ ಹಾಕಿದ ಬಳಿಕ ಯಶಸ್ವಿ ಉದ್ಯಮಿಗಳಿಗೆ ಶಾಲು ಹೊದಿಸಿ ಸನ್ಮಾನಿಸುವುದು ಇಂದು ಅನೇಕ ಕಾಲೇಜುಗಳಲ್ಲಿ ರೂಢಿಯಾಗಿದೆ. ಇದು ಒಳ್ಳೆಯ ರೂಢಿಯೇ. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ಉದ್ಯಮವನ್ನು ಆರಂಭಿಸಿದ ವಿಜಯ ಸಂಕೇಶ್ವರರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಇಂಥ ಸಾಧನೆಯ ಕಥೆಯು ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಎದೆಗಾರಿಕೆಯನ್ನು ಕೊಡುತ್ತದೆ. ಆದರೆ ಒಂದೇ ವೇದಿಕೆಯ ಮೇಲೆ ತ್ಯಾಗಿಯ ಭಾವಚಿತ್ರವೂ ಶ್ರೀಮಂತನ ಆಸನವೂ ಇರುವಾಗ, ಇವೆರಡನ್ನೂ ಕೂಡಿಸುವ ಎಳೆ ಯಾವುದೆಂದು ಮಕ್ಕಳಿಗೆ ಹೇಳುವ ಹೊಣೆ ಹಿರಿಯರ ಮೇಲಿದೆ.

ಆ ಎಳೆ ನಂಬಿಕೆ ಎಂದು ನಾವು ಭಾವಿಸುತ್ತೇವೆ. ಬ್ಯಾಡಗಿಯನ್ನೇ ನೋಡಿರಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಹೆಸರಾದ ಅಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದೇ ಪೇಟೆಯಲ್ಲಿ 2024ರ ಮಾರ್ಚ್ ತಿಂಗಳಲ್ಲಿ ದರ ಕುಸಿದಾಗ ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೂ ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವನಿಗೆ, ತನಗೆ ಹೇಳಿದ ದರ ನ್ಯಾಯವಾದುದೆಂಬ ಭರವಸೆ ಹೋದರೆ ಪೇಟೆ ಉಳಿಯದು. ಪೇಟೆ ಉಳಿಯದಿದ್ದರೆ ವರ್ತಕನೂ ಉಳಿಯನು.

ಶರಣರು ಇದನ್ನು ಬಲ್ಲವರಾಗಿದ್ದರು. ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದನು. ಒಮ್ಮೆ ಅವನ ಹಗ್ಗಕ್ಕೆ ಸಲ್ಲತಕ್ಕ ಬೆಲೆಗಿಂತ ಬಹಳ ಹೆಚ್ಚಿನ ಹೊನ್ನು ಬಂದಾಗ ಅವನು ಅದನ್ನು ಒಪ್ಪಲಿಲ್ಲವೆಂದು ಶರಣಕಥೆ ಹೇಳುತ್ತದೆ. ದಾಸೋಹಕ್ಕೆ ಬಳಸುವ ಹಣವಾದರೂ ಅದು ನ್ಯಾಯದ ಬೆಲೆಯಿಂದಲೇ ಬರಬೇಕೆಂಬುದು ಅವನ ನಿಷ್ಠೆ. ಗಳಿಸಿದ ಮೇಲೆ ದಾನ ಮಾಡಿದರೆ ಸಾಲದು. ಗಳಿಸುವಾಗಲೇ ಧರ್ಮ ನಿಲ್ಲಬೇಕು.

ಸದ್ಭಕ್ತರೇ, ನಮ್ಮ ಮನೆಗಳ ಮಕ್ಕಳು ವಾಣಿಜ್ಯವನ್ನು ಓದಲಿ, ಅಂಗಡಿ ಇಡಲಿ, ಕಾರ್ಖಾನೆ ಕಟ್ಟಲಿ, ಹತ್ತು ಜನಕ್ಕೆ ಕೆಲಸ ಕೊಡಲಿ. ದೀಪಾವಳಿಯಂದು ಕಿರ್ದಿ-ಖಾತೆಗಳಿಗೆ ಪೂಜೆ ಸಲ್ಲಿಸುವಾಗ ತಾಯಿತಂದೆಗಳು ಅವರಿಗೆ ಎರಡು ಪ್ರಶ್ನೆಗಳನ್ನು ಕೇಳಲಿ: ತಕ್ಕಡಿ ಸಮನಾಗಿ ನಿಂತಿತ್ತೆ? ಬಂದುದರಲ್ಲಿ ಸಮಾಜಕ್ಕೆ ಮರಳಿದುದೆಷ್ಟು? ಕಾಲೇಜುಗಳೂ ಸನ್ಮಾನಿತರನ್ನು ಆರಿಸುವಾಗ ಇವೇ ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಲಿ. ಬೆಳಗಾವಿಯ ಆ ಏಳು ಜನರಿಗೆ ಸಲ್ಲುವ ನಿಜವಾದ ಮಾಲೆ ಅದೇ.