ರಂಕಾಳದ ಅಲೆಗೆ ಆಕ್ಟೇವ್ ಲೆಕ್ಕ

ಕೊಲ್ಹಾಪುರದ ರಂಕಾಳ ಕೆರೆಗೆ ಸಂಜೆ ಹೋದವರು ಭೇಳ್ ತಿಂದು, ಸೂರ್ಯಾಸ್ತ ನೋಡಿ ಬರುತ್ತಾರೆ. ನೀರಿನ ಅಂಚನ್ನು ದಿಟ್ಟಿಸುವವರು ಕಡಿಮೆ. ಕಲ್ಲುಗೋಡೆಗೆ ಬಡಿದ ಅಲೆ ತಿರುಗಿ ಬಂದು, ಎದುರಾದ ಅಲೆಯೊಡನೆ ಬೆರೆಯುತ್ತದೆ. ಒಂದು ಕಡೆ ನೀರು ಎತ್ತರಕ್ಕೆ ಏಳುತ್ತದೆ, ಪಕ್ಕದಲ್ಲೇ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಶಾಲೆಯಲ್ಲಿ ವ್ಯತಿಕರಣ ಎಂದು ಓದಿದ್ದು ಇದನ್ನೇ.

ಇದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಲು ಗ್ನೂ ಆಕ್ಟೇವ್ ಸಾಕು. ಜಾನ್ ಈಟನ್ 1992ರಲ್ಲಿ ಬರೆಯತೊಡಗಿದ ಉಚಿತ ತಂತ್ರಾಂಶವಿದು. ಹುಟ್ಟಿದ್ದು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇಂಥ ತಂತ್ರಾಂಶಗಳ ಪಾಠಗಳನ್ನು ಕನ್ನಡ, ಮರಾಠಿಗಳಲ್ಲೂ ಕೊಡುತ್ತದೆ. ಎರಡೂ ನುಡಿ ಕಿವಿಗೆ ಬೀಳುವ ಗಡಹಿಂಗ್ಲಜದಂಥ ಊರಿಗೆ ಹೇಳಿ ಮಾಡಿಸಿದ್ದು.

ಸೋಜಿಗವೆಂದರೆ, ಆಕ್ಟೇವ್‌ಗೆ ಗೋಡೆಯೂ ಗೊತ್ತಿಲ್ಲ, ಪ್ರತಿಫಲನವೂ ಗೊತ್ತಿಲ್ಲ. ನೀವು ಕೋಲಿನಿಂದ ನೀರನ್ನು ಸೆಕೆಂಡಿಗೆ ನಾಲ್ಕು ಸಲ ತಟ್ಟುತ್ತೀರಿ ಎನ್ನಿ. ಆಳದ ನೀರಿನಲ್ಲಿ ಸುಮಾರು 10 ಸೆಂಟಿಮೀಟರ್ ತರಂಗದೂರದ ಅಲೆಗಳು ಸೆಕೆಂಡಿಗೆ 40 ಸೆಂಟಿಮೀಟರಿನಂತೆ ಸಾಗುತ್ತವೆ. ಗೋಡೆಯ ಆಚೆಗೆ ಅಷ್ಟೇ ದೂರದಲ್ಲಿ, ಕನ್ನಡಿಯೊಳಗಿನ ಬಿಂಬದಂತೆ, ಇನ್ನೊಂದು ಕೋಲು ತಟ್ಟುತ್ತಿದೆ ಎಂದು ಭಾವಿಸಿ. ಪ್ರತಿ ಬಿಂದುವಿಗೂ ಎರಡೂ ಕೋಲುಗಳಿಂದಿರುವ ದೂರ ಹಿಡಿದು, ಎರಡು ಸೈನ್ ಅಲೆಗಳನ್ನು ಕೂಡಿಸಿ, 'ಸರ್ಫ್' ಆಜ್ಞೆ ಕೊಟ್ಟರೆ ಗೋಡೆಯ ಮುಂದಿನ ನೀರು ಪರದೆಯ ಮೇಲೆ ಏಳುತ್ತದೆ. ಕೋಲಿನಿಂದ ಗೋಡೆಗೆ ನೇರವಾಗಿ ಎಳೆದ ಗೆರೆಯಲ್ಲಿ, ಗೋಡೆಯಿಂದ ಎರಡೂವರೆ ಸೆಂಟಿಮೀಟರಿಗೆ ಒಂದು, ಏಳೂವರೆಗೆ ಮತ್ತೊಂದು ಶಾಂತ ತಾಣ ಕಾಣಿಸುತ್ತದೆ. ಕೂಡುವ ಬದಲು ಕಳೆಯಿರಿ: ಈಗ ಗೋಡೆಯ ಬುಡವೇ ಅಲುಗದು. ನೀರಲ್ಲ, ಕಂಬಕ್ಕೆ ಬಿಗಿದ ಹಗ್ಗ ಹೀಗೆ ವರ್ತಿಸುತ್ತದೆ. ಒಂದೇ ಚಿಹ್ನೆಯ ವ್ಯತ್ಯಾಸ! ಹಲಗೆಯ ಮೇಲಿನ ಚಿತ್ರದಲ್ಲಿ ಇದು ಇಷ್ಟು ಚೆನ್ನಾಗಿ ಮನಸ್ಸಿಗಿಳಿಯುವುದಿಲ್ಲ.

ಬಣ್ಣದ ಚಿತ್ರ ಕಂಡು ಮರುಳಾಗಬೇಡಿ. ನಿಜವಾದ ಗೋಡೆಯ ಸಂದುಗಳು ಅಲೆಯ ಶಕ್ತಿಯನ್ನು ಒಂದಿಷ್ಟು ನುಂಗುತ್ತವೆ. ಬಿಂಬದ ಅಲೆಯನ್ನು ಅದಕ್ಕೆ ತಕ್ಕಂತೆ ತಗ್ಗಿಸಬೇಕು.

ಕೆರೆಯೊಳಗಿನ ಸಂಧ್ಯಾಮಠದ ಕಂಬಗಳನ್ನೂ ಲೆಕ್ಕಕ್ಕೆ ತರಬೇಕೆಂದರೆ ಕನ್ನಡಿಯ ಉಪಾಯ ಸಾಲದು. ನೀರನ್ನು ಚೌಕಗಳಾಗಿ ಸೀಳಿ, ಅಕ್ಕಪಕ್ಕದ ನಾಲ್ಕು ಚೌಕಗಳ ಎತ್ತರದಿಂದ ನಡುವಿನದರ ಮುಂದಿನ ಎತ್ತರವನ್ನು ಹಂತಹಂತವಾಗಿ ಕಂಡುಹಿಡಿಯಬೇಕು. ಒಂದು ಹಂತದಲ್ಲಿ ಅಲೆ ಚೌಕದ ಅಗಲದ ಶೇಕಡಾ 70ಕ್ಕಿಂತ ಹೆಚ್ಚು ಸಾಗಬಾರದು. ಗಣಿತಜ್ಞರಾದ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲೇ ತೋರಿಸಿಕೊಟ್ಟ ನಿರ್ಬಂಧವಿದು. ಪರದೆಯ ಮೇಲೆ ಕೆರೆ ಇದ್ದಕ್ಕಿದ್ದಂತೆ ಮುಗಿಲಿಗೆ ಚಿಮ್ಮಿದರೆ ಮೊದಲು ಇದನ್ನೇ ಪರೀಕ್ಷಿಸಿ.